ಮೂರು ಸರ್ಕಾರಕ್ಕೆ ಕಲ್ಲಿದ್ದಲು ಹಾಕಿದ ಅಜ್ಜ, ದುರ್ಗ ಬಿಟ್ಟು ಹೋದ ಹರಿಹರ ಲೈನು

ಮಂಡಕ್ಕಿಪೇಟೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜ ರೈಲ್ವೇಲಿ ಇಂಜಿನ್ನಿಗೆ ಕಲ್ಲಿದ್ದಲು ಹಾಕೋ ಫೈರ್‌ಮನ್ ಆಗಿದ್ರು. ನಾನು ಸಣ್ಣವನಿದ್ದಾಗ್ಲೇ ತೀರಿಹೋದ್ರು, ಹಂಗಾಗಿ ನನಗೆ ನೆನಪಿರೋದು ಎರಡೇ. ಒಂದು ಅವರ ಬಲಗೈ ತುಂಬ ಇದ್ದ ಸಣ್ಣ ಸಣ್ಣ ಸುಟ್ಟ ಕಲೆ. ಇನ್ನೊಂದು, ಮನೆಗೆ ಯಾರೇ ಬಂದ್ರೂ ಹೇಳ್ತಿದ್ದ ಒಂದು ಮಾತು: "ಒಂದೇ ಹಳಿ ಮ್ಯಾಲೆ ಮೂರು ಸರ್ಕಾರಕ್ಕೆ ಕಲ್ಲಿದ್ದಲು ಹಾಕೀನಿ ನಾನು." ಮನೇಲಿ ಎಲ್ಲರೂ ಅದನ್ನ ಮುದುಕರ ಮಾತು ಅಂತ ಬಿಟ್ಟಿದ್ರು.

ಹೋದ ವಾರ ಹಳೇ ಮನೆ ಅಟ್ಟ ಖಾಲಿ ಮಾಡುವಾಗ ಒಂದು ಕೈದೀಪ ಸಿಕ್ತು. ತಗಡಿನ ಡಬ್ಬಿ, ಮುಂದೆ ದಪ್ಪ ಗಾಜು, ಮೇಲಿನ ತಲೆ ತಿರುಗಿಸಿದ್ರೆ ಒಳಗೆ ಕೆಂಪು ಗಾಜು ಹಸಿರು ಗಾಜು ಬರ್ತಾವೆ. ಪಕ್ಕದಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದಾರೆ, ಮಸಿ ಹಿಡಿದೈತಿ, ಎಂ, ಎಸ್, ಎಂ, ಆರ್ ಅಂತ ಓದಕ್ಕಾಗುತ್ತೆ. ಮೈಸೂರು ರೈಲ್ವೇನಾ ಇದು? ಮೂರು ಸರ್ಕಾರ ಅಂದ್ರೆ ಯಾವ್ಯಾವು? ಇನ್ನೊಂದು ಪ್ರಶ್ನೆನೂ ಇದರ ಜೊತೆಗೇ ಕೇಳಿಬಿಡ್ತೀನಿ, ಬೆಂಗಳೂರಿಂದ ಹೈವೇ ನೆಟ್ಟಗೆ ತುಮಕೂರು ಸಿರಾ ಹಿರಿಯೂರು ಚಿತ್ರದುರ್ಗ ಅಂತ ಬರುತ್ತೆ, ರೈಲು ಮಾತ್ರ ಯಾಕೆ ಅರಸೀಕೆರೆ ಬೀರೂರು ಸುತ್ತಿಕೊಂಡು ದುರ್ಗ ಬಿಟ್ಟು ನಮ್ಮೂರಿಗೆ ಬಂತು? ಗೊತ್ತಿದ್ದೋರು ಹೇಳಿ.

ಹಳೇ ಗಾರ್ಡ್

ತಮ್ಮಾ, ನಿಮ್ಮ ಅಜ್ಜ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ. ಮುದುಕರ ಮಾತು ಅಂತ ಯಾಕೆ ಬಿಟ್ರಿ?

ದೀಪದ ಮೇಲಿರೋದು ಮೈಸೂರು ರೈಲ್ವೆ ಅಲ್ಲ. ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. ಬೆಂಗಳೂರು ಹರಿಹರ ಲೈನು ಮೈಸೂರು ಸಂಸ್ಥಾನದ ಆಸ್ತಿ, ಓಡಿಸ್ತಿದ್ದೋರು ಮಾತ್ರ ಕಂಪನಿಯವರು. 1886ರಲ್ಲಿ ಸದರ್ನ್ ಮರಾಠಾ ಕಂಪನಿ ಕೈಗೆ ಹೋಯ್ತು, 1908ರಲ್ಲಿ ಆ ಕಂಪನಿ ಮದ್ರಾಸ್ ಕಂಪನಿ ಜೊತೆ ಸೇರಿ ಈ ಉದ್ದ ಹೆಸರು ಬಂತು. 1938ರಲ್ಲಿ ಮೈಸೂರು ಸರ್ಕಾರ ಲೈನನ್ನ ವಾಪಸ್ ತಗೊಂಡು ತಾನೇ ಓಡಿಸ್ತು. ಆಮೇಲೆ 1951ರ ಏಪ್ರಿಲ್ 14ಕ್ಕೆ ಮದ್ರಾಸ್ ಅಂಡ್ ಸದರ್ನ್ ಮರಾಠಾ, ಸೌತ್ ಇಂಡಿಯನ್, ಮೈಸೂರು ಸ್ಟೇಟ್, ಮೂರೂ ರೈಲ್ವೆ ಕೂಡಿಸಿ ಸದರ್ನ್ ರೈಲ್ವೆ ಆಯ್ತು. ಕಂಪನಿ ಒಂದು, ಮಹಾರಾಜರದ್ದು ಎರಡು, ದಿಲ್ಲಿ ಮೂರು. ಸಲಿಕೆ ಒಂದೇ, ಸಂಬಳದ ಚೀಟಿ ಮೇಲಿನ ಹೆಸರು ಬದಲಾಗಿದ್ದು ಅಷ್ಟೇ. ನಿಮ್ಮ ಅಜ್ಜ 1938ಕ್ಕಿಂತ ಮುಂಚೆ ಕೆಲಸಕ್ಕೆ ಸೇರಿರಬೇಕು, ಮನೇಲಿ ಹಿರಿಯರಿದ್ರೆ ಕೇಳಿ ನೋಡಿ.

ಕೋಟೆಬಾಗಿಲು, ಚಿತ್ರದುರ್ಗ

ದುರ್ಗದ ವಿಷ್ಯ ನಾನು ಹೇಳ್ತೀನಿ ಕೇಳಿ. ನಮ್ಮ ತಾತನೋರು ಹೇಳ್ತಿದ್ದದ್ದು, ದುರ್ಗದೋರು ಯಾರಿಗೂ ತಲೆಬಾಗಲಿಲ್ಲ ಅಂತ ಇಂಗ್ಲಿಷರು ಬೇಕಂತಲೇ ರೈಲು ಕೊಡಲಿಲ್ಲ. ಜಿಲ್ಲಾ ಕೇಂದ್ರ ನಮ್ಮದು, ರೈಲು ನಿಮಗೆ! 1997ರಲ್ಲಿ ಜಿಲ್ಲೆನೂ ಬೇರೆ ಮಾಡ್ಕೊಂಡು ಹೋದ್ರಿ.

ಮಾಯಕೊಂಡದ ಮೇಷ್ಟ್ರು

ಕೋಟೆಬಾಗಿಲು ಅವರೇ, ಸಿಟ್ಟು ಅರ್ಥ ಆಗುತ್ತೆ, ಆದ್ರೆ ಕಥೆ ಕಾಲಕ್ಕೆ ಹೊಂದಲ್ಲ. 1881ಕ್ಕೇ ಮೈಸೂರು ಮತ್ತೆ ಒಡೆಯರ ಕೈಗೆ ಬಂದಿತ್ತು. ರಂಗಾಚಾರ್ಲು ದಿವಾನರು, ಅವರಾದ ಮೇಲೆ ಶೇಷಾದ್ರಿ ಅಯ್ಯರ್. ಈ ಲೈನು ಕೆಲಸ ಶುರು ಮಾಡಿದ್ದು ನಮ್ಮ ಸಂಸ್ಥಾನವೇ. 1884ರಲ್ಲಿ ಬೆಂಗಳೂರಿಂದ ತುಮಕೂರು ದಾಟಿ ಗುಬ್ಬಿವರೆಗೆ ಬಂತು. ಅಲ್ಲಿಗೆ ಕೈಯಲ್ಲಿದ್ದ ದುಡ್ಡು ಸಾಲದೆ ಕಂಪನಿ ಜೊತೆ ಒಪ್ಪಂದ ಆಯ್ತು, ಲಂಡನ್ನಲ್ಲಿ ಸಾಲ ಎತ್ತಿ ಗುಬ್ಬಿಯಿಂದ ಹರಿಹರಕ್ಕೆ ಹಳಿ ಹಾಕಿ 1889ರಲ್ಲಿ ಮುಗಿಸಿದ್ರು.

ಇದರ ಹಿಂದೆ ಇದ್ದದ್ದು ಬರ. 1876ರಿಂದ 78, ಧಾತು ಈಶ್ವರ ಸಂವತ್ಸರದ ಕ್ಷಾಮ. ಸಂಸ್ಥಾನದಲ್ಲಿ ಸತ್ತೋರ ಲೆಕ್ಕ ಲಕ್ಷಗಟ್ಟಲೆ. ಕರಾವಳಿಯಿಂದ ಒಳನಾಡಿಗೆ ಅಕ್ಕಿ ಸಾಗಿಸೋಕೆ ಎತ್ತಿನ ಗಾಡಿ ಬಿಟ್ರೆ ಏನೂ ಇರಲಿಲ್ಲ, ಗಾಡಿ ಎಳೆಯೋ ಎತ್ತುಗಳೇ ಮೇವಿಲ್ಲದೆ ಬಿದ್ದುಹೋದ್ವು. ಸದರ್ನ್ ಮರಾಠಾ ಕಂಪನಿ 1882ರಲ್ಲಿ ಹುಟ್ಟಿದ್ದೇ ಈ ಬರದ ಸೀಮೆಗೆ ಹಳಿ ಹಾಕಬೇಕು ಅಂತ. ನಮ್ಮೂರ ಸ್ಟೇಷನ್ ಕಲ್ಲುಬೆಂಚಿನ ಮೇಲೆ ಕೂತಾಗೆಲ್ಲ ನನಗೆ ಆ ಎತ್ತುಗಳ ನೆನಪಾಗುತ್ತೆ.

ಕೋಟೆಬಾಗಿಲು, ಚಿತ್ರದುರ್ಗ

ಬರ ದುರ್ಗಕ್ಕೆ ಬಂದಿರಲಿಲ್ವಾ ಮೇಷ್ಟ್ರೇ? ಚಳ್ಳಕೆರೆ ಮೊಳಕಾಲ್ಮೂರು ಕಡೆಗಿಂತ ಒಣ ಸೀಮೆ ಸಂಸ್ಥಾನದಲ್ಲಿ ಇನ್ಯಾವುದಿತ್ತು?

ಮಾಯಕೊಂಡದ ಮೇಷ್ಟ್ರು

ಒಪ್ಕೋತೀನಿ. ಆ ಪ್ರಶ್ನೆಗೆ ನನ್ನತ್ರ ಉತ್ತರ ಇಲ್ಲ, ನೀವು ಕೇಳೋದು ನ್ಯಾಯವಾಗೇ ಇದೆ.

ಹತ್ತಿ ಅಂಡಿಗೆ

ಉತ್ತರ ನಾನು ಕೊಡ್ತೀನಿ, ಹತ್ತಿ. ಅದ್ರ ಮುಂದೆ ಬರ ಎಲ್ಲಾ ನೆಪ. ಧಾರವಾಡ ಸೀಮೆ ಹತ್ತಿ ಹುಬ್ಬಳ್ಳಿ ಲೋಂಡಾ ಮೇಲೆ ಮರ್ಮಗೋವಾ ಬಂದರಿಗೆ ಹೋಗಬೇಕಿತ್ತು, ಗೋವಾ ಕಡೆ ಹಳಿ 1888ಕ್ಕೆ ಸಿದ್ಧ ಆಯ್ತು, ಮರುವರ್ಷವೇ ನಮ್ಮ ಹರಿಹರ ಲೈನು. ವ್ಯಾಪಾರ ಎಲ್ಲಿತ್ತೋ ಅಲ್ಲಿಗೆ ರೈಲು ಬಂತು. ದಾವಣಗೆರೆ ಏನೂ ಇರಲಿಲ್ಲ, ರೈಲಿಂದನೇ ಊರಾಯ್ತು.

ಹರಿಹರ ಹೊಳೆದಂಡೆ

ಎರಡು ಮಾತು ಒಂದಕ್ಕೊಂದು ಕೂಡಲಿಲ್ಲ ನೋಡ್ರಿ. ವ್ಯಾಪಾರ ಇತ್ತು ಅದಕ್ಕೇ ರೈಲು ಬಂತು ಅಂತೀರಿ, ಊರೇ ಇರಲಿಲ್ಲ ಅಂತಾನೂ ಅಂತೀರಿ. ದಾವಣಗೆರೆನ ಹೈದರಾಲಿ ಆಪಾಜಿರಾಮ್ ಅನ್ನೋ ಮರಾಠಾ ಸರದಾರನಿಗೆ ಜಹಗೀರು ಕೊಟ್ಟಿದ್ದ, ಆತ ವರ್ತಕರನ್ನ ಕರೆದು ಕರೆದು ಪೇಟೆ ಕಟ್ಟಿಸಿದ. ಅಂದ್ರೆ ರೈಲಿಗಿಂತ ನೂರು ವರ್ಷ ಮೊದಲು. ಕಂಬಳಿ ವ್ಯಾಪಾರಕ್ಕೇ ಹೆಸರಾಗಿತ್ತು ಊರು. ರೈಲು ಬಂದ ಮೇಲೆ ಬೆಳೆದದ್ದು ಹೌದ್ರಿ, 1901ರ ಜನಗಣತಿ ಹೊತ್ತಿಗೆ ದಾವಣಗೆರೆ ಹತ್ತು ಸಾವಿರ ದಾಟಿತ್ತು, ಜಿಲ್ಲಾ ಕೇಂದ್ರ ಚಿತ್ರದುರ್ಗ ಆರು ಸಾವಿರದ ಒಳಗೇ ಇತ್ತು. ಹತ್ತಿ ಗಿರಣಿಗಳು ಎದ್ದದ್ದು ಇನ್ನೂ ಮುಂದೆ, 1930ರ ದಶಕದಿಂದೀಚೆಗೆ.

ಇನ್ನ ನಮ್ಮ ಹರಿಹರ ಯಾಕೆ ಅಂದ್ರೆ, ಹೊಳೆ ಆಚೆ ಬೊಂಬಾಯಿ ಪ್ರಾಂತ್ಯ, ಈಚೆ ಮೈಸೂರು. ಸಂಸ್ಥಾನದ ಕೊನೆ ಬಾಗಿಲು ಅದು. ಹಂಗಾಗೇ ಎಲ್ಲರೂ ಈಗ್ಲೂ "ಹರಿಹರ ಲೈನು" ಅನ್ನೋದು.

ವಿನೋಬನಗರ 2ನೇ ಮೇನ್

1868ರಲ್ಲೇ ಹರಿಹರದಲ್ಲಿ ತುಂಗಭದ್ರೆ ಮೇಲೆ ರೈಲು ಸೇತುವೆ ಕಟ್ಟಿದ್ರಲ್ಲ, ಅದಕ್ಕೇ ಅಲ್ಲಿಗೆ ತಂದದ್ದು.

ಹರಿಹರ ಹೊಳೆದಂಡೆ

ಅದು ರೈಲು ಸೇತುವೆ ಅಲ್ರಿ, ರಸ್ತೆ ಸೇತುವೆ. ಕಲ್ಲಿನ ಕಮಾನಿಂದು. ರೈಲಿಂದು ಬೇರೆ, ಇಪ್ಪತ್ತು ವರ್ಷ ತಡವಾಗಿ ಬಂದದ್ದು.

ವಿನೋಬನಗರ 2ನೇ ಮೇನ್

ಓ ಸರಿ ಸರಿ.

ಮೀಟರ್‌ಗೇಜ್

ಎಲ್ಲರೂ ದಿವಾನರು ಹತ್ತಿ ಅಂತ ಮಾತಾಡ್ತಿದೀರಾ, ಇಂಜಿನ್ ಬಗ್ಗೆ ಯಾರೂ ಮಾತಾಡ್ತಿಲ್ಲ. ಹಳಿ ಎಲ್ಲಿ ಹೋಗಬೇಕು ಅನ್ನೋದನ್ನ ಅರ್ಧ ತೀರ್ಮಾನ ಮಾಡೋದು ಇಂಜಿನ್ನೇ.

ಮೊದಲು ಗೇಜು. ಸರ್ಕಾರದ ಬೊಕ್ಕಸಕ್ಕೆ ಭಾರ ಕಮ್ಮಿ ಆಗಲಿ ಅಂತ ಲಾರ್ಡ್ ಮೇಯೋ ಕಾಲದಲ್ಲಿ ಮೀಟರ್ ಗೇಜು ಬಂತು, ಎರಡು ಹಳಿ ಮಧ್ಯ ಸರಿಯಾಗಿ 1000 ಮಿಲಿಮೀಟರ್. ಬ್ರಾಡ್ ಗೇಜು 1676. ಹಳಿ ಹಗುರ, ಸೇತುವೆ ಹಗುರ, ಇಂಜಿನ್ನೂ ಹಗುರ. ಹಗುರ ಇಂಜಿನ್ ಅಂದ್ರೆ ಏರು ಆಗಲ್ಲ. ಲೆಕ್ಕ ಹಾಕಿ ನೋಡಿ, ಸಮತಟ್ಟಲ್ಲಿ ನಿಧಾನಕ್ಕೆ ಹೋಗೋವಾಗ ಒಂದು ಟನ್ ಎಳೆಯೋಕೆ ನಾಲ್ಕೈದು ಕೆಜಿ ಎಳೆತ ಸಾಕು. ನೂರಡಿಗೆ ಒಂದಡಿ ಏರು ಬಂತು ಅಂದ್ರೆ ಅದೇ ಟನ್ನಿಗೆ ಇನ್ನೂ ಹತ್ತು ಕೆಜಿ ಬೇಕು. ಕಣ್ಣಿಗೇ ಕಾಣದಷ್ಟು ಏರು ಅದು, ಮೂವತ್ತು ವ್ಯಾಗನ್ ಎಳೀತಿದ್ದ ಇಂಜಿನ್ನು ಹತ್ತಕ್ಕೆ ಉಸಿರು ಬಿಡುತ್ತೆ. ಅದಕ್ಕೇ ಉಗಿಬಂಡಿ ಕಾಲದ ಹಳಿ ಹಾವು ಹರಿದಂಗೆ ಸುತ್ತಿ ಸುತ್ತಿ ಹೋಗೋದು. ಮತ್ತೆ ನೀರು! ಅಷ್ಟಷ್ಟು ದೂರಕ್ಕೆ ನೀರು ಸಿಗಲೇಬೇಕು, ಕಲ್ಲಿದ್ದಲು ನಾಳೆವರೆಗೆ ಬರುತ್ತೆ, ನೀರು ಬರಲ್ಲ.

ಕೋಟೆಬಾಗಿಲು, ಚಿತ್ರದುರ್ಗ

ನೀರಿನ ಮಾತು ದುರ್ಗದೋರ ಮುಂದೆ ಆಡಬೇಡಿ. ಕೋಟೆ ಒಳಗೆ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡ, ಒಂದರಿಂದ ಒಂದಕ್ಕೆ ನೀರು ಇಳಿಯೋ ಹಾಗೆ ಮಾಡಿದ ಊರು ಇದು. ಅರಸೀಕೆರೇಲಿ ಏನು ಹೊಳೆ ಹರೀತಿತ್ತಾ? ರಸ್ತೆಗೆ ಆದದ್ದು ರೈಲಿಗೆ ಯಾಕಾಗಲ್ಲ? ಹಳಿ ಏನು ಬೆಟ್ಟದ ತುದಿಗೆ ಹತ್ತಬೇಕಾ, ಪಕ್ಕದಲ್ಲೇ ಬಯಲೈತಲ್ಲ.

ಮೀಟರ್‌ಗೇಜ್

ಲಾರಿ ಹತ್ತೋ ಏರಿಗೂ ರೈಲು ಹತ್ತೋ ಏರಿಗೂ ಅಜಗಜಾಂತರ ಸರ್. ಆದ್ರೂ ಅರಸೀಕೆರೆ ಮಾತು ಒಪ್ಪಿದೆ. ನೀರೊಂದೇ ಕಾರಣ ಅಂತ ನಾನು ವಾದ ಮಾಡಲ್ಲ.

ಮಾಯಕೊಂಡದ ಮೇಷ್ಟ್ರು

ಪಶ್ಚಿಮಕ್ಕೆ ತಿರುಗಿಸಿದ್ರಿಂದ ಏನೇನು ಸಿಕ್ತು ಅಂತ ನೋಡಿ. ತಿಪಟೂರು ಕೊಬ್ಬರಿ, ಕಡೂರು ಬೀರೂರು ಕಡೆಯಿಂದ ಮಲೆನಾಡಿನ ಅಡಿಕೆ ಕಾಫಿ. ಬೀರೂರಿಂದ 1899ಕ್ಕೇ ಶಿವಮೊಗ್ಗಕ್ಕೆ ಕವಲು ಹೋಯ್ತು, ಆಮೇಲೆ ಅದೇ ಲೈನಿನ ಮೇಲೆ ಭದ್ರಾವತಿ ಕಬ್ಬಿಣದ ಕಾರ್ಖಾನೆ ಬಂತು. 1918ರಲ್ಲಿ ಅರಸೀಕೆರೆಯಿಂದ ಹಾಸನದ ಮೇಲೆ ಮೈಸೂರಿಗೆ. ಹರಿಹರ ಲೈನು ಒಂದು ಕಾಂಡ, ಮಿಕ್ಕಿದ್ದೆಲ್ಲ ಅದಕ್ಕೆ ಚಿಗುರಿದ ಕೊಂಬೆ. ದುರ್ಗದ ಕೊಂಬೆ ಚಿಗುರಿದ್ದು 1921ರಲ್ಲಿ, ಚಿಕ್ಕಜಾಜೂರಿಂದ. ಮೂವತ್ತೆರಡು ವರ್ಷ ಕಾದ ಮೇಲೆ.

ಚಿಕ್ಕಜಾಜೂರು ಹುಡುಗಿ

ಅಬ್ಬಾ ಕೊನೆಗೂ ನಮ್ಮೂರು ಬಂತು!

ನಮ್ಮಪ್ಪ ಅಲ್ಲಿ ಗಾಡಿಗೆ ಹಳಿ ಬದಲಿಸೋ ಪಾಯಿಂಟ್ಸ್‌ಮನ್ ಆಗಿದ್ರು, ಕ್ವಾರ್ಟರ್ಸ್ ಹಳಿ ಪಕ್ಕದಲ್ಲೇ. ನಾನು ನೋಡಿರೋ ದುರ್ಗದ ಗಾಡಿ ಅಂದ್ರೆ ನಾಲ್ಕೈದು ಡಬ್ಬಿ, ಹಿಂದೆ ಒಂದೆರಡು ಗೂಡ್ಸ್ ವ್ಯಾಗನ್, ಮುಂದೆ ಕರೀ ಇಂಜಿನ್. ಅಮೃತಾಪುರ, ಹೊಳಲ್ಕೆರೆ, ಚಿತ್ರದುರ್ಗ. ಎಷ್ಟೋ ದಶಕ ದುರ್ಗವೇ ಕೊನೆ, ಅಲ್ಲಿಂದ ಮುಂದಕ್ಕೆ ಹಳಿನೇ ಇರಲಿಲ್ಲ, ರಾಯದುರ್ಗದ ಕಡೆ ಹಾಕಿದ್ದು ನಾವು ದೊಡ್ಡವರಾದ ಮೇಲೆ. ಬೆಂಗಳೂರು ಕಡೆಯ ಗಾಡಿ ಬಂದು ಅದರ ಜನ ಇಳಿದು ಇದನ್ನ ಹತ್ತೋವರೆಗೆ ಕಾಯ್ತಿತ್ತು. ಇಂಜಿನ್ ಬಿಚ್ಚಿ ಪಕ್ಕದ ಹಳಿ ಮೇಲೆ ಹಾದು ಇನ್ನೊಂದು ತುದಿಗೆ ತಂದು ಕಟ್ಟೋವಾಗ ನಾವು ಮಕ್ಕಳೆಲ್ಲ ಕಟ್ಟೆ ಮೇಲೆ ಸಾಲಾಗಿ ನಿಲ್ತಿದ್ವಿ.

ಅಪ್ಪನ ಕೆಲಸದಲ್ಲಿ ನನಗೆ ಭಯ ಆಗ್ತಿದ್ದದ್ದು ಟೋಕನ್ ಕೊಡೋದು. ಬೆತ್ತದ ದೊಡ್ಡ ಬಳೆ, ಅದಕ್ಕೆ ಚರ್ಮದ ಚೀಲ, ಒಳಗೆ ಕಬ್ಬಿಣದ ಗುಂಡು. ಆ ಗುಂಡು ಡ್ರೈವರ್ ಕೈಯಲ್ಲಿದ್ರೆ ಮಾತ್ರ ಮುಂದಿನ ಸ್ಟೇಷನ್‌ವರೆಗೆ ಹಳಿ ಅವನದು, ಬೇರೆ ಗಾಡಿ ಬರಂಗಿಲ್ಲ. ನಿಲ್ಲದ ಗಾಡಿ ರಾತ್ರಿ ಹೊತ್ತು ಬರೋವಾಗ ಅಪ್ಪ ಒಂದು ಕೈಲಿ ಪಂಜು ಇನ್ನೊಂದು ಕೈಲಿ ಆ ಬಳೆ ಎತ್ತಿ ಹಿಡಿದು ನಿಲ್ತಿದ್ರು, ಫೈರ್‌ಮನ್ ಕೈ ಚಾಚಿ ಬಳೆಯೊಳಗೆ ತೋಳು ತೂರಿಸಿ ಎಳ್ಕೊಂಡು ಹೋಗ್ತಿದ್ದ, ಹಳೇ ಟೋಕನ್ ಮುಂದೆ ಎಲ್ಲೋ ಎಸೀತಿದ್ದ. ಅದನ್ನ ಕತ್ತಲಲ್ಲಿ ಹುಡುಕೋದು ಅಪ್ಪನ ಕೆಲಸ. ಮಂಡಕ್ಕಿಪೇಟೆ ಅವರೇ, ನಿಮ್ಮ ಅಜ್ಜನ ತೋಳಿನ ಕಲೆಗಳಲ್ಲಿ ಒಂದೆರಡು ಆ ಬಳೆ ಪೆಟ್ಟೂ ಇರಬಹುದು.

ಮಂಡಕ್ಕಿಪೇಟೆ, ದಾವಣಗೆರೆ

ಇದನ್ನ ಓದಿ ಅಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ ಅವರು. ಆಮೇಲೆ "ಎಡಗೈಲೂ ಇತ್ತು, ನೀನು ನೋಡಿಲ್ಲ" ಅಂದ್ರು.

ಅಜ್ಜನ ಕಾಲದಲ್ಲಿ ಯಾವ ಇಂಜಿನ್ ಇದ್ವು? ಅಪ್ಪನಿಗೆ "ವೈಪಿ ವೈಪಿ" ಅನ್ನೋದು ಒಂದು ನೆನಪೈತಿ.

ವಿನೋಬನಗರ 2ನೇ ಮೇನ್

ವೈಪಿ ಅಂದ್ರೆ ಚಿತ್ತರಂಜನ್ ಕಾರ್ಖಾನೆಲಿ ಮಾಡಿದ್ದು.

ಮೀಟರ್‌ಗೇಜ್

ವೈಪಿ ಚಿತ್ತರಂಜನ್‌ದಲ್ಲ. ಜೆಮ್‌ಶೆಡ್‌ಪುರದ ಟೆಲ್ಕೋ, ಮೊದಮೊದಲು ಹೊರದೇಶದಿಂದಲೂ ಬಂದ್ವು. ಚಿತ್ತರಂಜನ್ನಲ್ಲಿ ಮೀಟರ್ ಗೇಜಿಗೆ ಮಾಡಿದ್ದು ವೈಜಿ, 1972ರಲ್ಲಿ ಅಲ್ಲಿ ಉಗಿ ಇಂಜಿನ್ ತಯಾರಿ ನಿಂತಾಗ ಕೊನೆಗೆ ಹೊರಬಂದದ್ದೂ ವೈಜಿನೇ.

ಹೆಸರು ಸುಲಭ. ವೈ ಅಂದ್ರೆ ಮೀಟರ್ ಗೇಜು, ಪಿ ಅಂದ್ರೆ ಪ್ಯಾಸೆಂಜರ್, ಜಿ ಅಂದ್ರೆ ಗೂಡ್ಸ್, ವೈಎಲ್‌ನಲ್ಲಿ ಎಲ್ ಅಂದ್ರೆ ಲೈಟ್, ಸಣ್ಣ ಕವಲು ಲೈನುಗಳಿಗೆ. ವೈಪಿಗೆ ಮುಂದೆ ನಾಲ್ಕು ಸಣ್ಣ ಗಾಲಿ, ಮಧ್ಯ ಆರು ದೊಡ್ಡ ಗಾಲಿ, ಹಿಂದೆ ಎರಡು. ದೊಡ್ಡ ಗಾಲಿ ಎತ್ತರ ನಾಲ್ಕೂವರೆ ಅಡಿ, ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತೆ, ಅದಕ್ಕೇ ಮೇಲ್ ಎಕ್ಸ್‌ಪ್ರೆಸ್ ಗಾಡಿಗೆ. ವೈಜಿಗೆ ನಾಲ್ಕಡಿ ಗಾಲಿ ಎಂಟು, ಓಟ ಕಮ್ಮಿ ಹಿಡಿತ ಜಾಸ್ತಿ. 1949ರಿಂದೀಚೆಗೆ ಬಂದ ಇಂಜಿನ್ನುಗಳು ಇವು, ಅಂದ್ರೆ ನಿಮ್ಮ ಅಜ್ಜನ ಮೂರನೇ ಸರ್ಕಾರದ ಕಾಲದವು. ಕಂಪನಿ ಕಾಲದಲ್ಲಿ ಹಳೇ ಪುಟ್ಟ ಇಂಜಿನ್ನು, ಎಫ್ ಕ್ಲಾಸ್ ಅಂತ, ಆರೇ ಗಾಲಿ. ಡ್ರೈವರಿಗೆ ಮಳೆಗೂ ಸರಿಯಾದ ಮರೆ ಇರ್ತಿರಲಿಲ್ಲ.

ಹಳೇ ಗಾರ್ಡ್

ಪುಸ್ತಕದ ಲೆಕ್ಕ ಸರಿಯಾಗಿದೆ ತಮ್ಮಾ. ಫೈರ್‌ಮನ್ ಕೆಲಸ ಏನು ಅನ್ನೋದು ಈ ಹುಡುಗನಿಗೆ ತಿಳೀಲಿ ಅಂತ ನಾಲ್ಕು ಮಾತು ಬರೀತೀನಿ, ನಾನು ಗಾಡಿ ಹಿಂದಿನ ಬ್ರೇಕ್‌ವ್ಯಾನಿನಲ್ಲಿದ್ದವನು, ಆದ್ರೆ ಇಂಜಿನ್ ಮೇಲಿನವರ ಜೊತೆ ಒಂದೇ ರನ್ನಿಂಗ್ ರೂಮಲ್ಲಿ ಉಂಡು ಮಲಗಿದವನು.

ಬೆಂಕಿ ಹಾಕೋದು ಅಂದ್ರೆ ಒಲೆಗೆ ಸೌದೆ ಒಟ್ಟಿದಂಗಲ್ಲ. ಸಲಿಕೆ ತುಂಬ ಸುರಿದ್ರೆ ಬೆಂಕಿ ಸಾಯುತ್ತೆ. ತೆಳ್ಳಗೆ ಹರಡಬೇಕು, ಮೂಲೆ ಮೂಲೆಗೆ ಮೊದಲು, ಆಮೇಲೆ ಮಧ್ಯಕ್ಕೆ, ಒಂದೊಂದು ಸಲಿಕೆಗೂ ಬಾಗಿಲು ತೆಗೆದು ಮುಚ್ಚಬೇಕು, ಇಲ್ಲಾಂದ್ರೆ ತಣ್ಣನೆ ಗಾಳಿ ನುಗ್ಗಿ ಉಗಿ ಇಳಿಯುತ್ತೆ. ನಮ್ಮ ಕಡೆ ಬರ್ತಿದ್ದದ್ದು ಸಿಂಗರೇಣಿ ಕಲ್ಲಿದ್ದಲು, ಬೂದಿ ಜಾಸ್ತಿ. ಬೂದಿ ಕರಗಿ ಕಿಟ್ಟ ಕಟ್ಟಿ ತಳದ ಕಂಬಿಗಳ ಸಂದು ಮುಚ್ಚಿಬಿಡ್ತಿತ್ತು, ಅದನ್ನ ಉದ್ದ ಸಲಾಕಿಯಿಂದ ಎಬ್ಬಿಸಿ ಒಡೀಬೇಕು, ಗಾಡಿ ಓಡ್ತಿರೋವಾಗಲೇ. ಆ ಕಲೆಗಳು ಅಲ್ಲಿಂದ ಬಂದವು. ಒಂದು ಕಣ್ಣು ಬೆಂಕಿ ಮೇಲೆ ಇನ್ನೊಂದು ಕಣ್ಣು ಬಾಯ್ಲರಲ್ಲಿ ನೀರೆಷ್ಟಿದೆ ಅಂತ ತೋರಿಸೋ ಗಾಜಿನ ಮೇಲೆ. ಗಾಜಲ್ಲಿ ನೀರು ಕಾಣದಂಗೆ ಇಳಿದ್ರೆ ಫೈರ್‌ಬಾಕ್ಸ್ ನೆತ್ತಿ ಬರಿದಾಗುತ್ತೆ, ಅಲ್ಲಿರೋ ಸೀಸದ ಪ್ಲಗ್ಗು ಕರಗಿ ಉಗಿ ಬೆಂಕಿ ಮೇಲೆ ನುಗ್ಗುತ್ತೆ. ಅದು ಪ್ರಾಣ ಉಳಿಸೋಕೆ ಇಟ್ಟ ಪ್ಲಗ್ಗು, ಆದ್ರೆ ಪ್ಲಗ್ಗು ಕರಗಿಸಿದ ಅನ್ನೋ ಹೆಸರು ಬಂದ್ರೆ ಆ ಸಿಬ್ಬಂದಿ ತಲೆ ಎತ್ತಂಗಿಲ್ಲ. ವೈಪಿ ಬಾಯ್ಲರಲ್ಲಿ ಒತ್ತಡ ಚದರ ಇಂಚಿಗೆ 210 ಪೌಂಡು. ಆ ಮುಳ್ಳು ಕೆಂಪು ಗೆರೆ ಹತ್ರ ನಿಲ್ಲಿಸಿಕೊಂಡು ಹರಿಹರ ಮುಟ್ಟಿಸಿದವನಿಗೆ ಡ್ರೈವರು ತನ್ನ ಡಬ್ಬಿಯಿಂದ ಅರ್ಧ ರೊಟ್ಟಿ ಮುರಿದು ಕೊಡ್ತಿದ್ದ. ಅಷ್ಟೇ ಬಹುಮಾನ.

ಹತ್ತಿ ಅಂಡಿಗೆ

ಸರ್ ಇದನ್ನ ಓದಿ ಕಣ್ಣು ತುಂಬಿ ಬಂತು. ಬಿಳೀ ಅಂಗಿ ಹಾಕ್ಕೊಂಡು ರೈಲು ಹತ್ತಬೇಡ ಅಂತ ನಮ್ಮವ್ವ ಬೈತಿದ್ದದ್ದು ನೆನಪಾಯ್ತು, ಕಿಟಕಿಲಿ ತಲೆ ಹಾಕಿದ್ರೆ ಕಣ್ಣಿಗೆ ಕಿಡಿ. ಊರು ಮುಟ್ಟೋ ಹೊತ್ತಿಗೆ ಮೂಗಿನೊಳಗೆಲ್ಲ ಕರಿ.

ನಿಟುವಳ್ಳಿ

ಈಗ ಹೊಗೆ ಇಲ್ಲ, ಅಶೋಕ ಟಾಕೀಸ್ ರೈಲ್ವೆ ಗೇಟಲ್ಲಿ ನಿಂತು ನಿಂತು ಬೈಕ್ ಹೊಗೆ ಕುಡಿದದ್ದು ಮಾತ್ರ ಜನ್ಮಕ್ಕೆ ಸಾಕಾಗಿದೆ.

ಹರಿಹರ ಹೊಳೆದಂಡೆ

ಗೇಟಿನ ಕಥೆ ಬೇರೆ ಚರ್ಚೆ ಶುರು ಮಾಡ್ರಿ, ಇಲ್ಲಿ ಬ್ಯಾಡ.

ಕೋಟೆಬಾಗಿಲು, ಚಿತ್ರದುರ್ಗ

ಮೇಷ್ಟ್ರೇ, ಇಂಗ್ಲಿಷರ ಸೇಡಿನ ಮಾತು ವಾಪಸ್ ತಗೋತೀನಿ, ತಾತ ಹೇಳಿದ್ದು ಅಂತ ಎಷ್ಟೋ ಜನರಿಗೆ ನಾನೂ ಹೇಳಿಬಿಟ್ಟಿದ್ದೆ. ಆದ್ರೆ ಸಂಕಟ ವಾಪಸ್ ತಗೊಳಲ್ಲ. ತುಮಕೂರು ಸಿರಾ ಹಿರಿಯೂರು ದುರ್ಗ ದಾವಣಗೆರೆ ನೇರ ಲೈನು ಮಂಜೂರಾದದ್ದು 2011-12ರ ಸಾಲಲ್ಲಿ. ಸುಮಾರು 191 ಕಿಲೋಮೀಟರ್, ಖರ್ಚು ಅರ್ಧ ಕೇಂದ್ರ ಅರ್ಧ ರಾಜ್ಯ. 1880ರ ದಶಕದಲ್ಲಿ ಗುದ್ದಲಿ ಪಿಕಾಸಿ ಹಿಡಿದು ಗುಬ್ಬಿಯಿಂದ ಹರಿಹರಕ್ಕೆ ಐದು ವರ್ಷದಲ್ಲಿ ಹಳಿ ಹಾಕಿದ್ರು. ಈಗ ಜೆಸಿಬಿ ಇಟ್ಕೊಂಡು ಎಷ್ಟು ವರ್ಷ ಆಯ್ತು ಎಣಿಸಿ. ನನ್ನ ಮಗಳು ಬೆಂಗಳೂರಲ್ಲಿ ಓದ್ತಾಳೆ, ಹಬ್ಬಕ್ಕೆ ಬರೋವಾಗ ಬಸ್ಸಲ್ಲಿ ನಿಂತ್ಕೊಂಡು ಬರ್ತಾಳೆ.

ಮಾಯಕೊಂಡದ ಮೇಷ್ಟ್ರು

ಅದಕ್ಕೆ ನಾನು ಎದುರು ಮಾತಾಡಲ್ಲ ಸ್ವಾಮಿ. ನೇರ ಲೈನು ನಿಮ್ಮ ಹಕ್ಕು.

ಮೀಟರ್‌ಗೇಜ್

ಮಂಡಕ್ಕಿಪೇಟೆ ಅವರೇ, ಪುರುಸೊತ್ತಾದಾಗ ಅಪ್ಪನ್ನ ಕರ್ಕೊಂಡು ಮೈಸೂರು ರೈಲು ಮ್ಯೂಸಿಯಮ್ಮಿಗೆ ಹೋಗಿ ಬನ್ನಿ. 1979ರಿಂದ ಇದೆ, ಹಳೇ ಇಂಜಿನ್ ಹತ್ರ ನಿಂತು ನೋಡಬಹುದು. ಹುಬ್ಬಳ್ಳಿಲೂ 2020ರಲ್ಲಿ ಒಂದಾಗಿದೆ, ನಿಮಗೆ ಅದೇ ಹತ್ರ.

ಮಂಡಕ್ಕಿಪೇಟೆ, ದಾವಣಗೆರೆ

ಖಂಡಿತ ಹೋಗ್ತೀವಿ. ದೀಪನ ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗೋಣ ಅಂತ ಮನೇಲಿ ಅಂತಿದಾರೆ, ಮಾಡಬಹುದಾ?

ಹಳೇ ಗಾರ್ಡ್

ಬೇಡ ಬೇಡ! ಹಿತ್ತಾಳೆ ಅಲ್ಲ ಅದು, ತಗಡು. ಹುಳಿ ಹಾಕಿದ್ರೆ ತುಕ್ಕು ಹಿಡಿಯುತ್ತೆ. ಹಳೇ ಬಟ್ಟೆ ಸೀಮೆಎಣ್ಣೆಲಿ ಅದ್ದಿ ಮೆತ್ತಗೆ ಒರೆಸಿ. ಅಡಿಭಾಗನೂ ಒರೆಸಿ ನೋಡಿ, ಕೆಲವೊಮ್ಮೆ ಅಲ್ಲೂ ಗುರುತು ಇರುತ್ತೆ.

ಮಂಡಕ್ಕಿಪೇಟೆ, ದಾವಣಗೆರೆ

ಒರೆಸಿದೆ. ಅಡಿಲಿ ಉಳಿಯಿಂದ ಹೊಡೆದಂಗೆ ಸೊಟ್ಟಂಬಟ್ಟೆ ಅಕ್ಷರ, ಎಂ ಎಸ್ ಆರ್. ಬರೀ ಮೂರು. ಮೈಸೂರು ಸ್ಟೇಟ್ ರೈಲ್ವೆ ಅಲ್ವಾ ಇದು? ಪಕ್ಕದಲ್ಲಿ ಕಂಪನಿ, ಅಡಿಲಿ ಮಹಾರಾಜರು!

ಅಜ್ಜಿಗೆ ತೊಂಬತ್ತೆರಡು, ಕಿವಿ ಮಂದ, ಕಣ್ಣು ಚೆನ್ನಾಗೈತಿ. ದೀಪ ಕೈಗೆ ಕೊಟ್ಟೆ. ನೋಡಿದ ತಕ್ಷಣ ಮೇಲಿನ ತಲೆ ತಿರುಗಿಸಿ ಹಸಿರು ತಂದ್ರು, ಯಾರೂ ಹೇಳಿಕೊಟ್ಟಿಲ್ಲ. ರಾತ್ರಿ ಡ್ಯೂಟಿ ಮುಗಿಸಿ ಗೇಟಿನತ್ರ ಬಂದಾಗ ಅಜ್ಜ ಅಲ್ಲಿಂದ ಹಸಿರು ತೋರಿಸ್ತಿದ್ರಂತೆ, ಇವರು ಆಗ ನೀರು ಕಾಯೋಕಿಡ್ತಿದ್ರಂತೆ. ಕೆಲಸಕ್ಕೆ ಯಾವಾಗ ಸೇರಿದ್ರು ಅಂದದ್ದಕ್ಕೆ "ನನ್ನ ಮದುವೆಗಿಂತ ಬಾಳ ಮೊದ್ಲ" ಅಂದ್ರು, ಅಷ್ಟೇ.

ಚಿಕ್ಕಜಾಜೂರು ಹುಡುಗಿ

ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ ದಯವಿಟ್ಟು.

ಮಂಡಕ್ಕಿಪೇಟೆ, ದಾವಣಗೆರೆ

ತಿಳಿಸ್ತೀನಿ ಅಕ್ಕಾ. ಅಜ್ಜಿ ಈಗ ಅದನ್ನ ಹಚ್ಚಿ ತೋರಿಸು ಅಂತ ಹಟ ಹಿಡಿದಾರೆ. ಈ ದೀಪಕ್ಕೆ ಅಗಲ ಬತ್ತಿ ಬೇಕು, ದಾವಣಗೆರೆಲಿ ಎಲ್ಲಿ ಸಿಗ್ತೈತಿ?

ನಿಟುವಳ್ಳಿ

ಚೌಕಿಪೇಟೆಲಿ ಕೇಳಿ, ಹಳೇ ಸ್ಟವ್ ಸಾಮಾನು ಮಾರೋರ ಹತ್ರ. ಅಳತೆಗೆ ದೀಪ ಕೈಲೇ ತಗೊಂಡು ಹೋಗಿ.